ಮೌನದ ನಂತರ ಹೇಳುವ ಹೆಸರು

ರಂಜನಿ ಆಂಟಿಯ ಅಡುಗೆಮನೆಯ ಟೇಬಲ್ಲಿನ ಮೇಲೆ ಹಳೆಯ ಪೇಪರ್ ಹಾಸಿಕೊಂಡು ಅನು ಹೂ ಕಟ್ಟುತ್ತಿದ್ದಳು. ಎರಡು ಹೂ ಈ ಕಡೆಗೆ, ಎರಡು ಹೂ ಆ ಕಡೆಗೆ, ನಡುವೆ ದಾರದ ಒಂದು ಸುತ್ತು. ಬಾಳೆನಾರಿನಲ್ಲಿ ಕಟ್ಟಿ ಅಭ್ಯಾಸವಾದ ಕೈಗೆ ಹೊಲಿಗೆ ದಾರ ಜಾರುತ್ತಿತ್ತು. ಆಗಾಗ ಬೆರಳನ್ನು ಲೋಟದ ನೀರಿನಲ್ಲಿ ಅದ್ದಿಕೊಳ್ಳುತ್ತಿದ್ದಳು. ಬಿಳಿ ಸೇವಂತಿಗೆ. ಮೇ ತಿಂಗಳಾದ್ದರಿಂದ ಅಡಿಲೇಡಿನ ಅಂಗಡಿಗಳಲ್ಲೆಲ್ಲ ಅಮ್ಮಂದಿರ ದಿನಕ್ಕೆಂದು ಇದೇ ಹೂವಿನ ಕಟ್ಟುಗಳು ರಾಶಿ ಬಿದ್ದಿದ್ದವು, ಪ್ರತಿ ಕಟ್ಟಿಗೂ ‘ಅಮ್ಮನಿಗೆ’ ಎಂದು ಇಂಗ್ಲಿಷಿನಲ್ಲಿ ಬರೆದ ಗುಲಾಬಿ ಬಣ್ಣದ ಚೀಟಿ. ಆ ಚೀಟಿಗಳನ್ನು ಕಸಕ್ಕೆ ಹಾಕಲು ಏಕೋ ಮನಸ್ಸಾಗದೆ ಅವಳು ಪೇಪರಿನ ಅಂಚಿನಲ್ಲಿ ಒಂದರ ಮೇಲೊಂದು ಇಟ್ಟಿದ್ದಳು. ಟೇಬಲ್ಲಿನ ಆಚೆ ತುದಿಯಲ್ಲಿ, ದೊಡ್ಡದು ಮಾಡಿಸಿ ಫ್ರೇಮು ಹಾಕಿಸಿದ ಫೋಟೋ ಇತ್ತು. ಧೂಳು ಕೂರದಿರಲೆಂದು ಆಂಟಿ ಅದಕ್ಕೆ ಟವೆಲ್ ಹೊದಿಸಿದ್ದರು. ಟವೆಲ್ಲಿನ ಒಂದು ಮೂಲೆ ಜಾರಿ, ಮಡಿಸಿದ ಬೆಡ್‌ಶೀಟಿನ ಅಂಚೂ ಅದನ್ನು ಹಿಡಿದ ಕಪ್ಪು ಬೆರಳುಗಳೂ ಕಾಣುತ್ತಿದ್ದವು. ಅನು ಎದ್ದುಹೋಗಿ ಟವೆಲ್ ಸರಿಮಾಡಿ ಮತ್ತೆ ಬಂದು ಕೂತಳು.

ಹಾಲಿನಿಂದ ನಗು ಕೇಳಿಸುತ್ತಿತ್ತು. ಮೂವರು ಲೇಖಕರು ತಿಂಡಿ ತಿನ್ನುತ್ತಿದ್ದರು. ಪರ್ತ್‌ನಿಂದ ನಿನ್ನೆ ಬಂದ ಮಹಾಬಲೇಶ್ವರ ಅಂಕಲ್, ಕಬ್ಬಿಣದ ಅದಿರಿನ ಗಣಿಗಳಲ್ಲಿ ಭೂವಿಜ್ಞಾನಿಯಾಗಿದ್ದು ಕೆಂಪು ಧೂಳಿನ ಮೇಲೆ ಕವಿತೆ ಬರೆದವರು. ಬ್ರಿಸ್ಬೇನಿನ ರನ್‌ಕಾರ್ನ್‌ನಿಂದ ಬಂದ ಕಮಲಾ ಆಂಟಿ, ಗಂಡನ ಜೊತೆ ಉತ್ತರದ ಸಕ್ಕರೆ ಕಾರ್ಖಾನೆಯ ಊರಿನಲ್ಲಿ ಸಂಸಾರ ಮಾಡಿ ಅದನ್ನೇ ಕಾದಂಬರಿ ಮಾಡಿದವರು. ಇನ್ನು ರಂಜನಿ ಆಂಟಿ, ಡಾಕ್ಟರ ಹೆಂಡತಿ. ಹೊರದೇಶದಿಂದ ಬಂದ ಡಾಕ್ಟರು ಮೊದಲು ಯಾರೂ ಹೋಗದ ಊರಿನಲ್ಲಿ ಕೆಲಸ ಮಾಡಬೇಕು ಎಂಬ ನಿಯಮದಿಂದಾಗಿ ಇಬ್ಬರೂ ದೇಶದ ಉತ್ತರ ತುದಿಯ ಒಂದು ಸಣ್ಣ ಊರಿಗೆ ಹೋಗಿದ್ದರು. ಅಲ್ಲಿದ್ದಾಗ ಆಂಟಿ ಬರೆಯಲು ಶುರುಮಾಡಿದ್ದರು. ಮೂವರ ಪುಸ್ತಕಕ್ಕೂ ಕರ್ನಾಟಕದಲ್ಲಿ ಪ್ರಶಸ್ತಿ ಬಂದಿತ್ತು. ಈ ದಿನ ಮಧ್ಯಾಹ್ನ ಅಡಿಲೇಡಿನ ಬ್ಲೇರ್ ಅಥಾಲ್‌ನ ಸಭಾಂಗಣದಲ್ಲಿ ಕನ್ನಡದವರೆಲ್ಲ ಸೇರಿ ಮೂವರಿಗೂ ಸನ್ಮಾನ ಇಟ್ಟುಕೊಂಡಿದ್ದರು.

“ನೀವು ನಾರ್ತಲ್ಲಿ ಇದ್ದೋರಲ್ಲ ಸಾರ್, ಹೋಗಿ ಬಂದೋರು,” ಎನ್ನುತ್ತಿದ್ದರು ಕಮಲಾ ಆಂಟಿ. “ಎರಡು ವಾರ ಗಣಿ, ಆಮೇಲೆ ಪ್ಲೇನ್ ಹತ್ತಿ ಪರ್ತಲ್ಲಿ ಹೆಂಡ್ತಿ ಕೈ ಅಡುಗೆ. ನಮ್ಮನೆ ಟಾಯ್ಲೆಟ್ಟಲ್ಲಿ ಕಪ್ಪೆ ಸಂಸಾರ ಹೂಡಿತ್ತು, ಗೊತ್ತಾ?”

“ಕಾದಂಬರೀಲಿ ಓದಿದೀನಲ್ಲ. ಆ ಕಪ್ಪೆಗೆ ಪ್ರಶಸ್ತೀಲಿ ಪಾಲು ಕೊಟ್ರೋ ಇಲ್ವೋ?”

ಮತ್ತೆ ನಗು. ಅಂಕಲ್ ತಮ್ಮ ಸಂಕ್ರಾಂತಿಯ ಕಥೆ ತೆಗೆದರು. ಅನು ಅದನ್ನು ನಿನ್ನೆಯೂ ಕೇಳಿದ್ದಳು. ಗಣಿಗೆ ಹೋಗುವ ಹೆದ್ದಾರಿಯಲ್ಲಿ ಮಕರ ಸಂಕ್ರಾಂತಿ ವೃತ್ತ ಇಲ್ಲಿ ಹಾದುಹೋಗುತ್ತದೆ ಎಂದು ಒಂದು ಬೋರ್ಡು. ಗಣಿಯಲ್ಲಿದ್ದ ನಾಲ್ಕಾರು ಕನ್ನಡದವರು ಹಬ್ಬದ ದಿನ ಆ ಬೋರ್ಡಿನ ಕಂಬದ ಕೆಳಗೆ ನಿಂತು ಎಳ್ಳುಬೆಲ್ಲ ಹಂಚಿಕೊಳ್ಳುತ್ತಿದ್ದರಂತೆ. ಬೆಲ್ಲ ಬಿಸಿಲಿಗೆ ಕರಗಿ ಅಂಗೈಗೆ ಅಂಟುತ್ತಿತ್ತಂತೆ. ಒಂದು ವರ್ಷ ಯಾರೋ ಲೆಕ್ಕ ಹಾಕಿ ಹೇಳಿದರಂತೆ, ಅಲ್ಲಿ ನಮ್ಮೂರಿಗೆ ಬೆಚ್ಚಗಿನ ದಿನ ತರುವ ಹಬ್ಬ ಇದು, ಇಲ್ಲಿ ಅದೇ ದಿನ ಸೂರ್ಯ ನಮ್ಮನ್ನು ಬಿಟ್ಟು ಹೊರಡುತ್ತಾನೆ, ನಾವು ಅವನಿಗೆ ಸಕ್ಕರೆ ಅಚ್ಚು ಕೊಟ್ಟು ಕಳಿಸುತ್ತಿದ್ದೇವೆ ಎಂದು. ಆಮೇಲೂ ಹಂಚುವುದನ್ನು ನಿಲ್ಲಿಸಲಿಲ್ಲ ಎಂದರು ಅಂಕಲ್.

ಕಾಫಿ ಒಯ್ದಾಗ ರಂಜನಿ ಆಂಟಿ ಅವಳ ಭುಜ ಹಿಡಿದು ನಿಲ್ಲಿಸಿ, ಇವಳೇ ನನ್ನ ಪುಸ್ತಕದ ಲಾಂಡ್ರಿ ಹುಡುಗಿ ಎಂದು ಪರಿಚಯ ಮಾಡಿಸಿದರು. ಹೌದಾ, ಅವಳೇ ಇವಳಾ, ಎಂದು ಕಮಲಾ ಆಂಟಿ ಕನ್ನಡಕ ಸರಿಮಾಡಿಕೊಂಡು ನೋಡಿದರು. ಪುಸ್ತಕದಲ್ಲಿ ಲಾಂಡ್ರಿ ಹುಡುಗಿ ಹೆಚ್ಚು ಮಾತಾಡುವುದಿಲ್ಲ, ಬಾಗಿಲ ಹಿಂದೆ ನಿಂತು ನೋಡುತ್ತಾಳೆ. ಅವಳಿಗೆ ಹೆಸರಿಲ್ಲ. ಮೊದಲ ಸಲ ಓದಿದಾಗ ಅನು ತನ್ನ ಹೆಸರಿಗಾಗಿ ಪುಟ ತಿರುವಿದ್ದಳು. ಅದು ಸಿಗದಾಗ ಒಂದಿಷ್ಟು ಬೇಜಾರೂ ಒಂದಿಷ್ಟು ಸಮಾಧಾನವೂ ಆಗಿತ್ತು. ಹೆಸರಿದ್ದದ್ದು ಅವಳ ಜೊತೆ ಲಾಂಡ್ರಿಯಲ್ಲಿದ್ದ ಅಜ್ಜಿಗೆ. ಪುಸ್ತಕದ ಹೆಸರೇ ಅಜ್ಜಿಯ ಹೆಸರು. ಮುಖಪುಟದ ಮೇಲೆ, ಕೆಂಪು ಅಕ್ಷರದಲ್ಲಿ. ಕಾಫಿ ಚೆಲ್ಲದೆ ಕೊಟ್ಟು ಒಳಗೆ ಬಂದು ಅವಳು ದಾರದ ತುದಿ ಹುಡುಕಿದಳು.

ಉತ್ತರ ತುದಿಯ ಆ ಊರಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳೂ ಅಲ್ಲಿನ ಮೂಲನಿವಾಸಿಯಾದ ಆ ಅಜ್ಜಿಯೂ ಎದುರುಬದುರು ನಿಂತು ಬೆಡ್‌ಶೀಟ್ ಮಡಿಸುತ್ತಿದ್ದರು. ತಲಾ ಎರಡು ಮೂಲೆ ಹಿಡಿದು, ಒಮ್ಮೆ ಕೊಡವಿ, ಒಬ್ಬರ ಕಡೆಗೊಬ್ಬರು ನಡೆದು ಬರುವುದು, ಮೂಲೆಗಳನ್ನು ಒಬ್ಬರಿಗೆ ಒಪ್ಪಿಸಿ ಇನ್ನೊಬ್ಬರು ಬಗ್ಗಿ ಕೆಳಗಿನ ಮಡಿಕೆ ಹಿಡಿಯುವುದು. ಅನುವಿನ ಗಂಡ ರಾಜೇಶ ಹತ್ತಿರದ ಗಣಿಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ. ಲಾಂಡ್ರಿ ಕೆಲಸ ರಂಜನಿ ಆಂಟಿ ಡಾಕ್ಟರಿಗೆ ಹೇಳಿ ಕೊಡಿಸಿದ್ದು. ಒಂಬತ್ತನೆಯ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಶೀಟು ಮಡಿಸಲು ಅದು ಬೇಕಾಗಿಯೂ ಇರಲಿಲ್ಲ. ಅಜ್ಜಿ ಮಹಾ ಒಳ್ಳೆಯವಳೇನಲ್ಲ. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದಳು. ತನ್ನ ಕಡೆಯವರು ವಾರ್ಡಿನಲ್ಲಿ ಮಲಗಿದ್ದರೆ ಹೊಸ ಟವೆಲ್‌ಗಳನ್ನು ಅವರಿಗೇ ಎತ್ತಿಡುತ್ತಿದ್ದಳು, ಕೇಳಿದರೆ ಅನುವಿನ ಮೇಲೆ ಹಾಕುತ್ತಿದ್ದಳು. ಅನು ತಂದ ಮಾವಿನಕಾಯಿ ಉಪ್ಪಿನಕಾಯಿಯನ್ನು ಬಾಟಲಿಗೇ ಬೆರಳು ಹಾಕಿ ತಿಂದು ಏಪ್ರನ್ನಿಗೆ ಒರಸಿಕೊಂಡು, ಅದೇ ಕೈಯಿಂದ ಬಿಳಿ ಶೀಟು ಹಿಡಿಯುತ್ತಿದ್ದಳು. ರಂಜನಿ ಆಂಟಿ ಮಧ್ಯಾಹ್ನದ ಹೊತ್ತು ಬಂದು ಸ್ಟೂಲಿನ ಮೇಲೆ ಕೂತು ಅಜ್ಜಿಯನ್ನು ಮಾತಾಡಿಸುತ್ತಿದ್ದರು. ಕೆಲವನ್ನು ಅಜ್ಜಿ ಹೇಳುತ್ತಿದ್ದಳು, ಕೆಲವಕ್ಕೆ ಅದು ನಿನಗಲ್ಲ ಎನ್ನುತ್ತಿದ್ದಳು. ಅದು ನಿನಗಲ್ಲ ಎಂದದ್ದನ್ನು ಆಂಟಿ ಎಂದೂ ಎರಡನೆಯ ಸಲ ಕೇಳಲಿಲ್ಲ, ಪುಸ್ತಕದಲ್ಲೂ ಬರೆಯಲಿಲ್ಲ. ಅಜ್ಜಿಗೆ ಕೊನೆಯ ಕಾಯಿಲೆ ಶುರುವಾದಾಗ ಪಕ್ಕದಲ್ಲಿ ಕೂತು ಕಾಲು ಒತ್ತಿದವರೂ ಅವರೇ. ಅನು ಇದನ್ನೆಲ್ಲ ಈಗ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು, ಯಾರೋ ಆಂಟಿಯನ್ನು ದೂರುತ್ತಿದ್ದಾರೆ ಎಂಬಂತೆ.

ಅಜ್ಜಿ ಸತ್ತದ್ದು ಆಂಟಿ ಅಡಿಲೇಡಿಗೆ ಮನೆ ಬದಲಾಯಿಸಿದ ಮೇಲೆ. ಅದರ ಮರುದಿನ ಅಜ್ಜಿಯ ಮಗಳು ಡೋರೀನ್, ಅದೇ ಆಸ್ಪತ್ರೆಯ ಅಡುಗೆಮನೆಯಲ್ಲಿದ್ದವಳು, ಏನೋ ತೆಗೆದುಕೊಂಡು ಹೋಗಲು ಲಾಂಡ್ರಿಗೆ ಬಂದಿದ್ದಳು. ಏನಾದರೂ ಹೇಳಬೇಕಲ್ಲ ಎಂದು ಅನು ತನಗೆ ಬರುವ ನಾಲ್ಕು ಇಂಗ್ಲಿಷ್ ಶಬ್ದ ಜೋಡಿಸಿ, ಅಜ್ಜಿಯ ಹೆಸರು ಹಿಡಿದು, ಅವಳಿಲ್ಲದೆ ಲಾಂಡ್ರಿ ಚೆನ್ನಾಗಿಲ್ಲ ಎಂದಳು. ಡೋರೀನಳ ಮುಖದಲ್ಲಿ ಏನೋ ಮುಚ್ಚಿಕೊಂಡಿತು. ಬೈಯಲಿಲ್ಲ. ಕೈಯಲ್ಲಿದ್ದ ಟವೆಲ್‌ಗಳನ್ನು ಅಲ್ಲೇ ಇಟ್ಟು ಹೊರಗೆ ಹೋದಳು. ಆಮೇಲೆ ಒಬ್ಬ ಹಿರಿಯ ನರ್ಸು ಬಿಡಿಸಿ ಹೇಳಿದಳು: ಇವರಲ್ಲಿ ಸತ್ತವರ ಹೆಸರು ಹೇಳಬಾರದು, ಫೋಟೋ ಎದುರಿಗೆ ಇಡಬಾರದು. ಎಲ್ಲ ಕಡೆಯೂ ಒಂದೇ ರೀತಿ ಇಲ್ಲ, ಕೆಲವರು ಬೇಗ ಬಿಡುತ್ತಾರೆ, ಆದರೆ ಈ ಮನೆಯವರು ತಾವಾಗಿ ಸಾಕು ಎನ್ನುವವರೆಗೆ ಪಾಲಿಸುವವರು. ನೋಟಿಸ್ ಬೋರ್ಡಿನಲ್ಲಿದ್ದ ಫೋಟೋದಲ್ಲಿ ಅಜ್ಜಿಯ ಮುಖದ ಮೇಲೆ ಯಾರೋ ಆಗಲೇ ಕಾಗದ ಅಂಟಿಸಿದ್ದರು. ಅದೇ ಹೆಸರಿನ ಇನ್ನೊಬ್ಬಳು ಕಸ ಗುಡಿಸುವ ಕೆಲಸದಲ್ಲಿದ್ದಳು; ಅಂದಿನಿಂದ ಅವಳನ್ನು ಎಲ್ಲರೂ ಬೇರೆ ಏನೋ ಹೆಸರಿನಿಂದ ಕರೆದರು, ಅವಳೂ ತಿರುಗಿ ನೋಡಿದಳು.

ಇದು ಅನುವಿಗೆ ವಿಚಿತ್ರ ಎನಿಸಿರಲಿಲ್ಲ. ನಂಜನಗೂಡಿನ ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರೇನು ಎಂದರೆ ಅವಳ ಸ್ವಂತ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಆಕಾಶದ ಕಡೆ ಕೈ ತೋರಿಸುತ್ತಿದ್ದಳು. ಹಗಲು ಹೊತ್ತಿನಲ್ಲಿ ಅಲ್ಲಿ ಚಂದ್ರ ಎಲ್ಲಿರುತ್ತಾನೆ. ಅಂಗಡಿಯವನು ಬೇಕೆಂದೇ ಸೂರ್ಯಪ್ಪನಾ ಎನ್ನುವನು, ಸಾಲಿನಲ್ಲಿದ್ದವರು ನಗುವರು, ಅಜ್ಜಿ ಅವಳ ಬೆನ್ನಿಗೆ ತಿವಿದು ನೀನೇ ಹೇಳೇ ಎನ್ನುವಳು. ಅನು ನೆಲ ನೋಡುತ್ತ ಚಂದ್ರಯ್ಯ ಎನ್ನುವಳು. ಬೇರೆಯವರು ಹೇಳಲಾರದ ಹೆಸರನ್ನು ಹೇಳಿಬಿಡುವುದು ಚಿಕ್ಕಂದಿನಿಂದ ಅವಳ ಪಾಲಿಗೇ ಬಂದಿತ್ತು.

ಹಾರ ಮುಗಿಯಿತು. ತುದಿಗೆ ಗಂಟು ಹಾಕಿ, ಒದ್ದೆ ಬಟ್ಟೆಯಲ್ಲಿ ಸುತ್ತಿದಳು.

ಫೋಟೋ ಅವಳದೇ. ಎಂದರೆ ಅವಳ ಫೋನಿನಲ್ಲಿ ಅವಳೇ ತೆಗೆದದ್ದು. ಕಳೆದ ತಿಂಗಳು ಆಂಟಿ, ಅಜ್ಜಿಯದೊಂದು ಒಳ್ಳೆ ಫೋಟೋ ಇದ್ದರೆ ಕಳಿಸು ಎಂದು ವಾಟ್ಸ್ಯಾಪಿನಲ್ಲಿ ಕೇಳಿದರು, ಅನು ಕಳಿಸಿದಳು. ಏಕೆ ಎಂದು ಕೇಳಲಿಲ್ಲ. ಡಾಕ್ಟರ ಹೆಂಡತಿ ಕೇಳಿದ್ದಕ್ಕೆ ಏಕೆ ಎಂದು ಕೇಳುವ ನಾಲಿಗೆ ಅವಳಿಗಿರಲಿಲ್ಲ. ಡೋರೀನಳನ್ನು ಕರೆದವಳೂ ಅವಳೇ. ಡೋರೀನಳ ತಮ್ಮನಿಗೆ ಅಡಿಲೇಡಿನ ಬೆಡ್‌ಫರ್ಡ್ ಪಾರ್ಕಿನ ದೊಡ್ಡಾಸ್ಪತ್ರೆಯಲ್ಲಿ ಹೃದಯದ ಆಪರೇಷನ್ ಆಗಿತ್ತು, ಅವಳು ಜೊತೆಗೆ ಬಂದು ಅಲ್ಲೇ ಹತ್ತಿರದಲ್ಲಿ ಉಳಿದಿದ್ದಳು. ಆ ವಿಷಯ ತಿಳಿದ ಆಂಟಿಗೆ ಬಹಳ ಸಂತೋಷವಾಗಿ, ಮಗಳೂ ಇದ್ದರೆ ಸಭೆಗೆ ಒಂದು ಕಳೆ, ಅವಳಿಗೂ ಶಾಲು ಹೊದಿಸೋಣ, ನಿನ್ನ ಪರಿಚಯ ಅಲ್ಲವಾ, ನೀನೇ ಕರೆ ಎಂದರು. ಅನು ಫೋನ್ ಮಾಡಿದಳು. ಪುಸ್ತಕದ ಫಂಕ್ಷನ್, ಊಟ ಇದೆ ಎಂದಷ್ಟೇ ಹೇಳಿದಳು. ಪುಸ್ತಕ ಯಾರ ಮೇಲೆ ಎಂದು ಹೇಳಲಿಲ್ಲ. ಡೋರೀನ್ ನಕ್ಕು, ನೀನು ಕರೆದರೆ ಬರದೆ ಇರುತ್ತೇನಾ, ಆ ಉಪ್ಪಿನಕಾಯಿ ಒಂದು ಬಾಟಲಿ ಇಟ್ಟಿರು ಎಂದಳು. ಲಾಂಡ್ರಿಯಲ್ಲಿ ಆದದ್ದನ್ನು ಅವಳು ಎಂದೋ ಮನ್ನಿಸಿದ್ದಳು. ಅದು ತಿಳಿಯದೆ ಆದದ್ದು. ಇದು ಹಾಗಲ್ಲ.

ಮಹಾಬಲೇಶ್ವರ ಅಂಕಲ್ ಬಾಡಿಗೆ ಕಾರು ಓಡಿಸಿದರು. ಹಿಂದಿನ ಸೀಟಿನಲ್ಲಿ ಅನುವಿನ ತೊಡೆಯ ಮೇಲೆ ಫೋಟೋ. ಗಾಜು ತನ್ನ ಹೊಟ್ಟೆಯ ಕಡೆಗಿರುವಂತೆ ಅವಳು ಹಿಡಿದುಕೊಂಡಿದ್ದಳು. ಪಕ್ಕದಲ್ಲಿ ಕಮಲಾ ಆಂಟಿ ತಮ್ಮ ಊರಿನ ಮಳೆಯನ್ನು ಹೇಳುತ್ತಿದ್ದರು, ಮಳೆಗಾಲಕ್ಕೆ ಮುಂಚಿನ ಸೆಕೆಗೆ ಅಲ್ಲಿ ಮನುಷ್ಯರ ತಲೆ ಕೆಡುತ್ತದೆ, ಅದನ್ನು ಬರೆದರೆ ಬೆಂಗಳೂರಿನ ವಿಮರ್ಶಕರು ಸಂಕೇತ ಎಂದುಕೊಂಡರು. ಅಂಕಲ್ ಪೆಟ್ರೋಲಿಗೆಂದು ಒಂದು ಬಂಕಿನ ಹತ್ತಿರ ನಿಲ್ಲಿಸಿದಾಗ ಅನು ಫೋನ್ ತೆಗೆದಳು. ಬರಬೇಡ ಎಂದು ಬರೆದರೆ ಮುಗಿಯಿತು. ಫಂಕ್ಷನ್ ಇಲ್ಲ ಎಂದರೂ ಆಯಿತು. ಆದರೆ ಡೋರೀನ್ ಬರದಿದ್ದರೂ ಫೋಟೋ ಅಲ್ಲಿ ನಿಲ್ಲುತ್ತದೆ, ಹೆಸರು ಮೈಕಿನಲ್ಲಿ ಬರುತ್ತದೆ. ಕೇಳಿಸಿಕೊಂಡು ನೋಯುವವರು ಯಾರೂ ಇಲ್ಲದಿದ್ದರೆ ಅದು ಸರಿಯೇ? ಅಜ್ಜಿ ಬಾಟಲಿಗೆ ಬೆರಳು ಹಾಕುವಾಗ ತಾನು ಮುಖ ಬೇರೆ ಕಡೆ ತಿರುಗಿಸುತ್ತಿದ್ದದ್ದು ಅವಳಿಗೆ ನೆನಪಾಯಿತು. ನೋಡದಿದ್ದರೆ ಆಗಿಲ್ಲ ಎಂಬ ಲೆಕ್ಕ. ಅಷ್ಟರಲ್ಲಿ ಫೋನಿನಲ್ಲಿ ಡೋರೀನಳ ಮೆಸೇಜೇ ಬಂತು: ಬಸ್ಸಿನಲ್ಲಿದ್ದೇನೆ, ಸ್ವಲ್ಪ ತಡವಾಗಬಹುದು.

ಸಭಾಂಗಣದಲ್ಲಿ ಆಗಲೇ ಉಪ್ಪಿಟ್ಟು, ಕೇಸರಿಭಾತಿನ ವಾಸನೆ. ವೇದಿಕೆಯ ಹಿಂದೆ ಬ್ಯಾನರ್, ಮೂರು ಪುಸ್ತಕಗಳ ಹೆಸರು, ನಡುವೆ ಎಲ್ಲಕ್ಕಿಂತ ದೊಡ್ಡದಾಗಿ ಅಜ್ಜಿಯ ಹೆಸರು. ಅದು ಕನ್ನಡ ಅಕ್ಷರ, ಡೋರೀನಳಿಗೆ ಬರಿಯ ಗೆರೆ, ಬ್ಯಾನರಿನಿಂದ ಭಯವಿಲ್ಲ ಎಂದು ಅನು ಎಣಿಸಿದಳು. ಹೀಗೆ ಎಣಿಸಿದ್ದಕ್ಕೆ ನಾಚಿಕೆಯಾಯಿತು. ವೇದಿಕೆಯ ಮುಂದೆ ಬಿಳಿ ಬಟ್ಟೆ ಹೊದಿಸಿದ ಕುರ್ಚಿ, ಅದರ ಮುಂದೆ ದೀಪದ ಕಂಬ. ಫೋಟೋವನ್ನು ಕುರ್ಚಿಯ ಮೇಲೆ ಇಡಲು ಹೇಳಿದರು. ಯಾರೂ ನೋಡದ ಹೊತ್ತಿನಲ್ಲಿ ಅವಳು ಅದನ್ನು ಹಿಂದುಮುಂದಾಗಿ ಇಟ್ಟಳು, ಫ್ರೇಮಿನ ಹಿಂಬದಿಯ ರಟ್ಟು ಸಭೆಗೆ ಕಾಣುವಂತೆ. ನೀರು ಕುಡಿದು ಬರುವಷ್ಟರಲ್ಲಿ ಕಮಲಾ ಆಂಟಿ ಅದನ್ನು ತಿರುಗಿಸಿ, ಹಾರವನ್ನೂ ಹಾಕಿ, ಎಷ್ಟು ಚೆನ್ನಾಗಿ ಕಟ್ಟಿದೀಯೇ ಎಂದು ಬೆನ್ನು ತಟ್ಟಿದರು. ಹಾರದ ನಡುವೆ ಅಜ್ಜಿ, ಶೀಟಿನ ಎರಡು ಮೂಲೆ ಹಿಡಿದು, ಉಳಿದೆರಡು ಮೂಲೆ ಹಿಡಿಯಬೇಕಾದವಳು ಫೋಟೋ ತೆಗೆಯುತ್ತ ನಿಂತಿದ್ದಾಳೆಂಬ ಸಿಟ್ಟಿನಲ್ಲಿ ನೋಡುತ್ತಿದ್ದಳು.

ಸಭಾಂಗಣದ ಅಡುಗೆಮನೆಯಲ್ಲಿ ರಂಜನಿ ಆಂಟಿ ಒಬ್ಬರೇ ತಟ್ಟೆ ಒರಸುತ್ತಿದ್ದಾಗ ಅನು ಹೋಗಿ ನಿಂತಳು. ಏನೇ, ಎಂದರು ಆಂಟಿ.

“ಆಂಟಿ, ಡೋರೀನ್ ಬರ್ತಿದಾಳೆ. ಅವಳ ಮುಂದೆ ಫೋಟೋ ಬೇಡ. ಹೆಸರೂ ಬೇಡ. ಅವರಲ್ಲಿ…”

“ಗೊತ್ತು ಕಣೆ.”

ಆಂಟಿ ಅದೇ ತಟ್ಟೆಯನ್ನು ಮತ್ತೆ ಒರಸಿದರು. ಬರೆಯುವಾಗಲೇ ಗೊತ್ತಿತ್ತು ಎಂದರು. ಇದರಲ್ಲಿ ಸತ್ತವರ ಹೆಸರು, ಚಿತ್ರ ಇದೆ ಎಂದು ಟೀವಿಯಲ್ಲಿ ತೋರಿಸುತ್ತಾರಲ್ಲ, ಪುಸ್ತಕಗಳಲ್ಲೂ ಮೊದಲೇ ಎಚ್ಚರಿಕೆ ಹಾಕುತ್ತಾರಲ್ಲ. ಬೇರೆ ಹೆಸರಿಟ್ಟು ಬರೆದು ನೋಡಿದರಂತೆ, ಒಂದು ಸಾಲೂ ಏಳಲಿಲ್ಲವಂತೆ. ಕನ್ನಡದಲ್ಲಿ ತಾನೆ, ಆ ಊರಿನವರೆಗೆ ಎಲ್ಲಿ ತಲುಪುತ್ತದೆ ಎಂದುಕೊಂಡರಂತೆ.

“ನಮ್ಮಲ್ಲಿ ಹೆಂಗೆ ಹೇಳು. ಮಹಾಲಯ ಅಮಾವಾಸ್ಯೆಗೆ ನಮ್ಮಮ್ಮನ ಹೆಸರು ಹೇಳ್ದೆ ಎಡೆ ಇಟ್ರೆ ಅದು ಯಾರಿಗೆ ಮುಟ್ಟುತ್ತೆ? ನಂಗೆ ಗೌರವ ಮಾಡೋಕೆ ಬರೋದೇ ಹಿಂಗೆ. ಹೂ ಹಾಕಿ, ದೀಪ ಹಚ್ಚಿ, ಹೆಸರು ಹೇಳಿ.” ಅವರ ಕಣ್ಣು ಒದ್ದೆಯಾಗಿತ್ತು. ಅದು ನಾಟಕವಲ್ಲ ಎಂದು ಅನುವಿಗೆ ಗೊತ್ತಿತ್ತು, ಅದೇ ಕಷ್ಟವಾಗಿದ್ದು. “ಈಗ ಜನ ಬಂದು ಕೂತಿದಾರೆ. ಏನು ಮಾಡ್ಲಿ, ನೀನೇ ಹೇಳು.”

ನೀನೇ ಹೇಳು. ಅನು ನೆಲ ನೋಡಿದಳು. ಏನು ಮಾಡಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಹತ್ತು ಹೆಜ್ಜೆ ನಡೆದು ಒಂದು ಫ್ರೇಮು ತಿರುಗಿಸುವ ಕೆಲಸ. ಈ ಹೆಂಗಸು ತನಗೆ ಕಾದಂಬರಿ ಓದಲು ಕಲಿಸಿದ್ದು, ರಾಜೇಶನ ವೀಸಾ ಕಾಗದಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟದ್ದು, ಎಲ್ಲ ಒಟ್ಟಿಗೆ ನೆನಪಾಯಿತು. “ಗೊತ್ತಿಲ್ಲ ಆಂಟಿ,” ಎಂದಳು. ಆಂಟಿ ಅವಳ ಕೆನ್ನೆ ಮುಟ್ಟಿ, ಡೋರೀನಳ ಕೈ ಹಿಡಿದು ನಾನೇ ತಿಳಿಸಿ ಹೇಳುತ್ತೇನೆ, ಅವಳಿಗೆ ಅರ್ಥವಾಗುತ್ತದೆ ಎಂದು ಹೇಳಿ ವೇದಿಕೆಗೆ ಹೋದರು.

ಸಭಾಂಗಣ ತುಂಬಿತ್ತು. ಅನು ಹಿಂದಿನ ಬಾಗಿಲ ಹತ್ತಿರ ಉಪ್ಪಿನಕಾಯಿ ಬಾಟಲಿ ಹಿಡಿದು ನಿಂತಳು. ಬಾಗಿಲಲ್ಲೇ ತಡೆದು, ಹೊರಗೆ ಕರೆದುಕೊಂಡು ಹೋಗಿ, ಬಾಟಲಿ ಕೊಟ್ಟು ಏನಾದರೂ ಹೇಳಿ ಬಸ್ಸು ಹತ್ತಿಸಿಬಿಡುವುದು ಎಂದು ಮನಸ್ಸಿನಲ್ಲಿತ್ತು. ಪ್ರಾರ್ಥನೆ ಆಯಿತು. ಸ್ವಾಗತ ಭಾಷಣ ಉದ್ದವಾಯಿತು. ಮಕ್ಕಳು ಹಿಂದಿನ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರು. ಆಮೇಲೆ ಮಹಾಬಲೇಶ್ವರ ಅಂಕಲ್ ಮೈಕಿನ ಮುಂದೆ ಬಂದು, ಈ ಕೃತಿಗೆ ಜೀವ ಕೊಟ್ಟ ತಾಯಿಯ ನೆನಪಿಗೆ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕೆಂದೂ, ಮೌನದ ನಂತರ ರಂಜನಿಯವರು ಆ ತಾಯಿಯ ಹೆಸರು ಹೇಳಿ ದೀಪ ಹಚ್ಚುತ್ತಾರೆಂದೂ ಹೇಳಿದರು. ಕುರ್ಚಿಗಳು ಸರಿದವು. ಎಲ್ಲರೂ ಎದ್ದರು, ತಲೆ ಬಗ್ಗಿಸಿದರು. ಮಕ್ಕಳನ್ನೂ ಯಾರೋ ಗದರಿಸಿ ಸುಮ್ಮನಿರಿಸಿದರು.

ಆ ಮೌನದೊಳಗೆ ಬಾಗಿಲು ಸದ್ದಾಗದಂತೆ ತೆರೆದು ಡೋರೀನ್ ಒಳಗೆ ಬಂದಳು. ಹೊರಗಿನ ಚಳಿ ಅವಳ ಕೋಟಿಗೆ ಅಂಟಿಕೊಂಡಿತ್ತು. ಅನುವನ್ನು ನೋಡಿ ಹುಬ್ಬು ಹಾರಿಸಿ ನಕ್ಕಳು, ಬಾಟಲಿ ನೋಡಿ ಇನ್ನೂ ನಕ್ಕಳು. ಆಮೇಲೆ ಇಡೀ ಸಭೆ ತಲೆ ಬಗ್ಗಿಸಿ ನಿಂತದ್ದನ್ನು ಕಂಡು ಅವಳ ನಗು ನಿಂತಿತು. ಇಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದು ಅವಳಿಗೆ ತಿಳಿಯಿತು. ಯಾರೆಂದು ತಿಳಿಯಲಿಲ್ಲ. ಎದ್ದು ನಿಂತ ಜನರ ಬೆನ್ನುಗಳು ಅಡ್ಡವಾಗಿ, ಕುರ್ಚಿಯ ಮೇಲಿನ ಫೋಟೋ ಅವಳಿಗೆ ಕಾಣುತ್ತಿರಲಿಲ್ಲ. ಇವರು ಕೂತರೆ ಕಾಣುತ್ತದೆ. ಡೋರೀನ್ ಉಲ್ಲನ್ ಟೋಪಿಯನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು, ಅನುವಿನ ಪಕ್ಕದಲ್ಲಿ ಸರಿಯಾಗಿ ನಿಂತು, ಬೇರೆಯವರ ಸಾವಿಗೆ ತೋರಿಸಬೇಕಾದ ಮರ್ಯಾದೆಯಿಂದ ತಾನೂ ತಲೆ ಬಗ್ಗಿಸಿದಳು.

ಅನುವಿನ ಬೆರಳಿನಲ್ಲಿ ಇನ್ನೂ ಸೇವಂತಿಗೆಯ ಕಹಿ ವಾಸನೆ ಇತ್ತು. ವೇದಿಕೆಯ ಮೇಲೆ ಮಹಾಬಲೇಶ್ವರ ಅಂಕಲ್ ಕೈಗಡಿಯಾರ ನೋಡಿಕೊಂಡರು. ರಂಜನಿ ಆಂಟಿ ಕಣ್ಣು ಮುಚ್ಚಿದ್ದರು, ಕೈಯಲ್ಲಿ ಉರಿಯುವ ಮೇಣದ ಬತ್ತಿ.

“ಆಂಟಿ,” ಎಂದಳು ಅನು. ಅದು ಪಕ್ಕದವರಿಗೂ ಕೇಳಿಸುವಂತಿರಲಿಲ್ಲ. ಅವಳು ಮತ್ತೆ, ತನ್ನದೆಂದು ತನಗೇ ಗುರುತು ಸಿಗದ ದನಿಯಲ್ಲಿ, ಸಭಾಂಗಣದ ಆ ತುದಿಗೆ ಮುಟ್ಟುವಂತೆ ಹೇಳಿದಳು:

“ರಂಜನಿ ಆಂಟಿ, ಆ ಫೋಟೋನ ಗೋಡೆ ಕಡೆ ತಿರುಗಿಸಿ.”

ಮೌನ ಇನ್ನೂ ಮುಗಿದಿರಲಿಲ್ಲ. ಯಾರೂ ತಲೆ ಎತ್ತಲಿಲ್ಲ, ರಂಜನಿ ಆಂಟಿ ಮಾತ್ರ ಕಣ್ಣು ತೆರೆದರು.